ರಿಮ್ ಸವೀಲಿಕತ್ತದ ಅಂದ್ರ ಬರೀ ಬ್ರೇಕ್ ರಬ್ಬರ್ ಸಾಕೇನು?

ಶಹಾಬಾದ್ ರೋಡಿನ ಧೂಳದಾಗ ದಿನಾ ಓಡೋ ನಿಮ್ಮ ಹೈಬ್ರಿಡ್ ಸೈಕಲ್ಲಿನ ಅಲ್ಯೂಮಿನಿಯಂ ರಿಮ್ಮಿಗೆ ಗೀರು ಬಿದ್ದಾವ, ರಬ್ಬರ್ ಬದಲಿಸಿದ್ರ ಸಾಕೋ, ಚಕ್ರಾನೇ ಬೇಕೋ ಅಂತ ಕೇಳೀರಿ.

ಮೊದಲು ರಿಮ್ ನೋಡ್ರಿ. ಬ್ರೇಕ್ ತಿಕ್ಕೋ ಜಾಗಕ್ಕ ಸ್ಟೀಲ್ ಸ್ಕೇಲಿನ ಅಂಚು ಹಚ್ಚಿ ಹಿಡೀರಿ. ನಡುವ ಬೆಳಕು ಕಂಡ್ರ ತಗ್ಗು ಬಿದ್ದದ ಅಂತ. ಸವಕಳಿ ಗುರುತಿನ ಗೆರೆ ಅಥವಾ ಚುಕ್ಕಿ ಅಳಿಸಿ ಹೋಗಿದ್ರ, ಇಲ್ಲಾ ರಿಮ್ಮಿನ ಪಕ್ಕದ ಗೋಡೆ (ಬ್ರೇಕ್ ತಿಕ್ಕೋ ಭಾಗ) 1 ಮಿ.ಮೀ.ಗಿಂತ ತೆಳ್ಳಗಾಗಿದ್ರ ಆ ರಿಮ್ ಓಡಿಸಬ್ಯಾಡ್ರಿ. ಟ್ಯೂಬಿನ ಗಾಳಿ ಒತ್ತಡಕ್ಕ ಅಂಚು ಸೀಳಿ ಹೊರಗ ಬರ್ತದ. ಮುಂದಿನ ಚಕ್ರಕ್ಕ ಹಂಗಾದ್ರ ಭಾಳ ಅಪಾಯ.

ರಿಮ್ ಗಟ್ಟಿ ಇದ್ರ ರಬ್ಬರ್ ಕಡೆ ಬರ್ರಿ. ರಿಮ್ ತಿನ್ನೋದು ಹೆಚ್ಚಾಗಿ ರಬ್ಬರ್ ಅಲ್ಲ, ಅದರಾಗ ಹೊಕ್ಕ ಮರಳು, ಅಲ್ಯೂಮಿನಿಯಂ ಚೂರು. ಸೂಜಿಲಿಂದ ಅವನ್ನ ಕಿತ್ತು, ಸ್ಯಾಂಡ್‌ಪೇಪರ್ ಮ್ಯಾಲ ಸಮಾ ತಿಕ್ಕರಿ. ಮಳಿಗಾಲದಾಗ ವಾರಕ್ಕೊಮ್ಮೆ ನೋಡಬೇಕು, ಒದ್ದಿ ಅರಬಿಲಿಂದ ರಿಮ್ಮೂ ಒರಸಬೇಕು. ಹೊಸದು ತಗೊಳ್ಳೋದಿದ್ರ ಕೂಲ್‌ಸ್ಟಾಪ್ ಕಂಪನಿಯ ಸಾಲ್ಮನ್ ಬಣ್ಣದ್ದು ತರಸ್ರಿ. ರೊಕ್ಕ ಹೆಚ್ಚಾದ್ರೂ ರಿಮ್ ಉಳೀತದ, ತೊಯ್ದಾಗೂ ಹಿಡೀತದ. ಕೂಡಿಸುವಾಗ ರಬ್ಬರ್ ಟೈರಿಗೆ ತಾಗಬಾರದು.

ಚಕ್ರಾನೇ ಬೇಕಂದ್ರ ಟೈರಿನ ಬಾಜೂಕ 622, 559 ಹಿಂಗ ರಿಮ್ಮಿನ ವ್ಯಾಸದ ನಂಬರ್ (ಮಿ.ಮೀ.ದಾಗ) ಇರ್ತದ, ಅದೇ ಅಳತಿ ತರ್ರಿ. ಡಿಸ್ಕ್ ಬ್ರೇಕಿಗಷ್ಟೇ ಮಾಡಿದ ರಿಮ್ ನಿಮಗ ನಡೆಯೂದಿಲ್ಲ, ಬ್ರೇಕ್ ತಿಕ್ಕೋ ಗೋಡೆನೇ ಅದಕ್ಕಿರೂದಿಲ್ಲ. ಹಿಂದಿನ ಚಕ್ರಕ್ಕ ಫ್ರೇಮಿನ ಒಳ ಅಂತರ (ಅಚ್ಚು ಕೂಡೋ ಎರಡು ತುದಿ ನಡುವಿನ ಜಾಗ) ಅಳೀರಿ, ಹೈಬ್ರಿಡ್‌ಗೆ ಸಾಮಾನ್ಯ 135 ಮಿ.ಮೀ. ಹಿಂದಿನ ಗೇರಿನ ಹಲ್ಲುಚಕ್ರದ ಗುಂಪು ತಿರುಪಿ ಕೂಡಿಸೋ ಫ್ರೀವೀಲೋ, ಜಾರಿಸಿ ಕೂಡಿಸೋ ಕ್ಯಾಸೆಟ್ಟೋ ಅನ್ನೋದೂ ಅಂಗಡಿಯಾಂವಗ ಮೊದಲೇ ಹೇಳ್ರಿ.