ಮಂಗಳೂರಿನ ಹಂಪನಕಟ್ಟೆಯಲ್ಲಿ ರಸ್ತೆ ಬದಿಯ ಪಾರ್ಕಿಂಗ್‌ಗೆ ಶುಲ್ಕ ಹಾಕಿದರೆ ಬಡವರಿಗೆ ಅನ್ಯಾಯವಲ್ಲವೇ?

ಅಲ್ಲ. ರಸ್ತೆ ಬದಿಯನ್ನು ಪುಕ್ಕಟೆಯಾಗಿ ಬಿಟ್ಟುಕೊಡುವುದೇ ಹೆಚ್ಚಿನ ಅನ್ಯಾಯ. ಆದರೆ ವಸೂಲಾದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯ.

ಸಾಲಾಗಿ ನಿಂತ ಕಾರುಗಳು ಒಂದು ಇಡೀ ಲೇನನ್ನು ನುಂಗುತ್ತವೆ. ಉಳಿದ ಇಕ್ಕಟ್ಟಿನಲ್ಲಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಕಡೆಗಿನ ಸಿಟಿ ಬಸ್ಸು ತೆವಳುತ್ತದೆ. ತುಂಬಿದ ಬಸ್ಸಿನ ನಲವತ್ತು ಮಂದಿಗೆ ಬೇಕಾದದ್ದು ಎರಡು ಮೂರು ಕಾರುಗಳಷ್ಟು ಜಾಗ. ಜಾಗಕ್ಕೆ ಬೆಲೆ ಕಟ್ಟದಿದ್ದರೂ ಆ ಬೆಲೆಯನ್ನು ಯಾರಾದರೂ ಸಮಯದ ರೂಪದಲ್ಲಿ ತೆರಲೇಬೇಕು. ಇಲ್ಲಿ ತೆರುವವರು ಕಾರೇ ಇಲ್ಲದ ಬಸ್ ಪ್ರಯಾಣಿಕರು. ಗಂಟೆಗಿಷ್ಟು ಎಂದು ಶುಲ್ಕ ಬಂದರೆ ದಿನವಿಡೀ ನಿಲ್ಲಿಸುವವರು ಮೊದಲು ಜಾಗ ಬಿಡುತ್ತಾರೆ, ಜಾಗ ಹುಡುಕುತ್ತ ಸುತ್ತು ಹೊಡೆಯುವ ಕಾರುಗಳೂ ಕಡಿಮೆಯಾಗುತ್ತವೆ. ಗಿರಾಕಿ ತಪ್ಪುತ್ತಾರೆಂಬುದು ಅಂಗಡಿಯವರ ದೂರು. ಬೆಳಗಿನಿಂದ ಸಂಜೆಯವರೆಗೆ ಬಾಗಿಲ ಮುಂದೆ ನಿಂತ ಕಾರು ಎಷ್ಟೋ ಸಲ ಅವರದೇ ಆಗಿರುತ್ತದೆ, ಅದು ಬೇರೆ ಮಾತು.

ಲಂಡನ್ 2003ರಲ್ಲಿ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕಿದಾಗ, ನಿವ್ವಳ ಆದಾಯವನ್ನು ಸಾರಿಗೆಗೇ ಬಳಸಬೇಕೆಂದು ಕಾನೂನಿನಲ್ಲಿಯೇ ಬರೆದಿತ್ತು. ಮಂಗಳೂರಿಗೆ ಇದು ಅಷ್ಟು ಸಲೀಸಲ್ಲ. ನಮ್ಮ ಸಿಟಿ ಬಸ್ಸುಗಳು ಬಹುಪಾಲು ಖಾಸಗಿಯವು. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಸಿಗುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇವುಗಳಲ್ಲಿಲ್ಲ. ಆದ್ದರಿಂದ ಶುಲ್ಕದ ಹಣವನ್ನು ಕಾಲುದಾರಿ, ಮಳೆಗೆ ನೆನೆಯದ ಬಸ್ ತಂಗುದಾಣ ಮತ್ತು ನಷ್ಟದ ಭಯದಿಂದ ಯಾರೂ ಓಡಿಸದ ರಾತ್ರಿ ಟ್ರಿಪ್‌ಗಳಿಗೆ ಮೀಸಲಿಡಬೇಕು.