ಕೆನಡಾದ ಕನ್ಸರ್ವೇಟಿವ್ ಪಕ್ಷ ತನ್ನ ಮತದಾರರ ನೆಲೆಯನ್ನು ವಿಸ್ತರಿಸುವುದು ಹೇಗೆ?

ಟೊರಾಂಟೊ, ವ್ಯಾಂಕೂವರ್ ಸುತ್ತಲಿನ ಉಪನಗರಗಳಲ್ಲಿ, ಅದರಲ್ಲೂ ವಲಸಿಗ ಕುಟುಂಬಗಳ ನಡುವೆ, ನಂಬಿಕೆ ಗಳಿಸಬೇಕು. ಪಕ್ಷಕ್ಕೆ ಮತಗಳ ಕೊರತೆಗಿಂತ ಅವು ಎಲ್ಲಿ ಬೀಳುತ್ತವೆ ಎಂಬುದೇ ದೊಡ್ಡ ತೊಡಕು.

ಭಾರತದಂತೆ ಅಲ್ಲಿಯೂ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಆಲ್ಬರ್ಟಾ, ಸಸ್ಕಾಚೆವಾನ್‌ ಪ್ರಾಂತ್ಯಗಳಲ್ಲಿ ಕನ್ಸರ್ವೇಟಿವ್ ಮತ ರಾಶಿ ಬಿದ್ದರೂ ಅದಕ್ಕೆ ತಕ್ಕಂತೆ ಸೀಟು ಹೆಚ್ಚುವುದಿಲ್ಲ. 2021ರ ಚುನಾವಣೆಯಲ್ಲಿ ಮುಖ್ಯ ಎದುರಾಳಿ ಲಿಬರಲ್ ಪಕ್ಷದವರಿಗಿಂತ ಹೆಚ್ಚು ಮತ ಬಂದರೂ ದಕ್ಕಿದ್ದು 119 ಸ್ಥಾನ, ಲಿಬರಲ್ಲರಿಗೆ 160.

ದಾರಿ ಹೊಸದೇನಲ್ಲ. 2011ರಲ್ಲಿ ಆಗಿನ ಕನ್ಸರ್ವೇಟಿವ್ ಪ್ರಧಾನಿ ಸ್ಟೀಫನ್ ಹಾರ್ಪರ್ ಬಹುಮತ ಗಳಿಸಿದ್ದರಲ್ಲಿ ಅವರ ಸಚಿವ ಜೇಸನ್ ಕೆನ್ನಿ ವರ್ಷಗಟ್ಟಲೆ ಗುರುದ್ವಾರ, ದೇವಸ್ಥಾನ, ಸಮುದಾಯದ ಹಬ್ಬಗಳಿಗೆ ಎಡತಾಕಿದ್ದರ ಪಾಲು ದೊಡ್ಡದು. 2015ರ ಪ್ರಚಾರದಲ್ಲಿ ಪೌರತ್ವ ಪ್ರಮಾಣದ ವೇಳೆ ಮುಖ ಮುಚ್ಚುವ ನಿಖಾಬ್ ಧರಿಸುವ ವಿವಾದವನ್ನೂ 'ಅನಾಗರಿಕ ಆಚರಣೆ'ಗಳ ಬಗ್ಗೆ ದೂರು ಕೊಡುವ ಸಹಾಯವಾಣಿಯನ್ನೂ ಮುಂದಿಟ್ಟಾಗ ಆ ನಂಟು ಹಳಸಿತು. ಅದು ತಪ್ಪು ಮಾತ್ರವಲ್ಲ, ಅನ್ಯಾಯವೂ ಆಗಿತ್ತು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಮಾತು: ದನಿ ತಗ್ಗಿಸಬೇಕು. 2025ರಲ್ಲಿ ಪಿಯೆರ್ ಪೊಯಿಲಿಯೆವ್ ನೇತೃತ್ವದಲ್ಲಿ ಶೇ. 41ರಷ್ಟು ಮತ ಬಂದರೂ ಪಕ್ಷ ಸೋತಿತು. ಕನ್ಸರ್ವೇಟಿವ್ ಸರ್ಕಾರ ಬಂದೀತೆಂಬ ಆತಂಕದಿಂದ, ಕೆನಡಾದ ಮೇಲೆ ಟ್ರಂಪ್ ಒಡ್ಡಿದ್ದ ಸುಂಕ, ಸ್ವಾಧೀನದ ಬೆದರಿಕೆಯ ನಡುವೆ, ಎಡಪಂಥೀಯ ಎನ್‌ಡಿಪಿಯ ಬಹಳಷ್ಟು ಬೆಂಬಲಿಗರು ಲಿಬರಲ್ಲರತ್ತ ಹೊರಳಿದ್ದರು.