ಮರಕ್ಕೆ ದಾರಿ ಬಿಟ್ಟ ಹೆದ್ದಾರಿ

ಓದುಗರ ಪ್ರಶ್ನೆ, ವಕೀಲೆಯ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳು ಐರ್ಲೆಂಡಿನ ಗಾಲ್ವೇಯಲ್ಲಿ ನರ್ಸ್ ಆಗಿದ್ದಾಳೆ. ಅಲ್ಲಿ ಒಂದು ಮುಳ್ಳುಮರಕ್ಕೋಸ್ಕರ ಹೆದ್ದಾರಿಯ ಯೋಜನೆಯನ್ನೇ ಬದಲಾಯಿಸಿದರಂತೆ. ನಿಜವೇ? ಅಂಥ ಕಾನೂನು ಬೆಂಗಳೂರಿಗೂ ಬರಬಾರದೇ? (ಓದುಗರು, ರಾಜಾಜಿನಗರ)

ಉತ್ತರ: ನಿಜ ತಾಯಿ. ಅದು ನಡೆದದ್ದು ಕ್ಲೇರ್ ಕೌಂಟಿಯ ಲಟೂನ್ ಎಂಬಲ್ಲಿ. ಆ ಮರ ಹಾಥಾರ್ನ್. ಹೊಲದಲ್ಲಿ ಒಂಟಿಯಾಗಿ ನಿಂತ ಹಾಥಾರ್ನ್ ಫೇರಿಗಳೆಂಬ ಅಗೋಚರ ಜನರದ್ದು, ಅದನ್ನು ಕಡಿದವರಿಗೆ ಕೇಡು ತಪ್ಪದು ಎಂದು ಅಲ್ಲಿನ ಹಳ್ಳಿಗರ ನಂಬಿಕೆ. 1999ರಲ್ಲಿ ರಸ್ತೆ ಕೆಲಸ ಆ ಮರದ ಹತ್ತಿರ ಬಂದಾಗ ಎಡಿ ಲೆನಿಹನ್ ಎಂಬ ಕಥೆಗಾರರು ಪತ್ರಿಕೆಗೆ ಬರೆದು, ಇದನ್ನು ಮುಟ್ಟಬೇಡಿ ಎಂದು ಕೇಳಿಕೊಂಡರು. ಸುದ್ದಿ ದೇಶವಿದೇಶ ಸುತ್ತಿತು. ಕೊನೆಗೆ ಮರ ಉಳಿಯುವ ಹಾಗೆ ರಸ್ತೆಯನ್ನು ಹೊಂದಿಸಿದರು. 2002ರಲ್ಲಿ ಯಾರೋ ಬಂದು ಅದರ ಕೊಂಬೆಗಳನ್ನು ಗರಗಸದಲ್ಲಿ ಕೊಯ್ದುಹಾಕಿದರು. ಬೋಳು ಮರ ಮತ್ತೆ ಚಿಗುರಿತು.

ಇನ್ನು ಕಾನೂನಿನ ವಿಷಯ. ಫೇರಿ ಮರ ಕಡಿಯಬಾರದು ಎನ್ನುವ ಸೆಕ್ಷನ್ ಐರ್ಲೆಂಡಿನಲ್ಲಿಲ್ಲ. ಅಲ್ಲಿ 2014ರ ಅರಣ್ಯ ಕಾಯ್ದೆ 2017ರಿಂದ ಜಾರಿಯಲ್ಲಿದೆ, ಮರ ಕಡಿಯಲು ಲೈಸೆನ್ಸ್ ಬೇಕು. ಆದರೆ ನಗರದೊಳಗಿನ ಮರಕ್ಕೂ ಕಟ್ಟಡದಿಂದ 30 ಮೀಟರ್ ಒಳಗಿರುವ ಮರಕ್ಕೂ ಸಾಮಾನ್ಯವಾಗಿ ವಿನಾಯಿತಿ ಇದೆ. ಸ್ಥಳೀಯ ಸಂಸ್ಥೆ ಇಂಥ ಮರವನ್ನು ಉಳಿಸಬೇಕು ಎಂದು ಪ್ರತ್ಯೇಕ ಆದೇಶ ಹೊರಡಿಸಿದರೆ ಮಾತು ಬೇರೆ. ನಮ್ಮ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಅದರ ಪ್ರಕಾರ ಬೆಂಗಳೂರಿನಲ್ಲಿ ನಿಮ್ಮದೇ ಕಾಂಪೌಂಡಿನ ಹಲಸನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾಗದದ ಮೇಲೆ ನಗರದ ಮರಕ್ಕೆ ಹೆಚ್ಚಿನ ರಕ್ಷಣೆ ಇರುವುದು ನಮ್ಮಲ್ಲೇ. ಹಾಗಾಗಿ ಅಲ್ಲಿಂದ ಕಾನೂನು ತರುವ ಅಗತ್ಯ ನನಗೆ ಕಾಣುವುದಿಲ್ಲ.

ಲಟೂನಿನಿಂದ ಕಲಿಯಬೇಕಾದದ್ದು ಹೊತ್ತಿಗೆ ಸರಿಯಾಗಿ ಬಾಯಿ ಬಿಡುವುದನ್ನು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟುತ್ತೇವೆ ಎಂದಾಗ ಎಂಟುನೂರಕ್ಕೂ ಹೆಚ್ಚು ಮರಗಳು ಹೋಗುವುದಿತ್ತು. 2016ರಲ್ಲಿ ಜನ ಕೈಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಎರಡೂ ಕಡೆ ಜನ ಎದ್ದದ್ದು ಗರಗಸ ಬರುವ ಮೊದಲು. ನನ್ನ ಬಳಿ ಬರುವವರಲ್ಲಿ ಬಹಳ ಮಂದಿ ದಿಮ್ಮಿ ಲಾರಿಗೆ ಏರಿದ ಮೇಲೆ ಫೋನ್ ಮಾಡುತ್ತಾರೆ. ಆಗ ದಂಡ ಹಾಕಿಸಬಹುದು, ಮರ ತರಿಸಲಾಗದು.

ಒಂದು ವಿಷಯಕ್ಕೆ ಮಾತ್ರ ಐರಿಷರ ಹಳೆಯ ಕಾನೂನು ನನಗೆ ತುಂಬ ಮೆಚ್ಚು. ಎಂಟನೇ ಶತಮಾನದ ಸುಮಾರಿಗೆ ಬರೆದಿಟ್ಟ ನೆರೆಹೊರೆಯ ಕಟ್ಟಳೆಯಲ್ಲಿ 28 ಬಗೆಯ ಗಿಡಮರಗಳನ್ನು ನಾಲ್ಕು ದರ್ಜೆಗೆ ಹಂಚಿದ್ದರು. ಮೇಲಿನ ದರ್ಜೆಯಲ್ಲಿ ಓಕ್, ಹೇಝಲ್, ಹಾಲಿ, ಯೂ, ಆಶ್, ಪೈನ್, ಕಾಡುಸೇಬು. ಓಕ್ ಕಾಯಿ ತಿಂದು ಹಂದಿ ಕೊಬ್ಬುತ್ತಿತ್ತು, ಅದರ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರು. ಆ ಉಪಯೋಗ ನೋಡಿಯೇ ಪಟ್ಟ. ಕೊನೆಯ ದರ್ಜೆಯಲ್ಲಿ ಜರೀಗಿಡ, ಮುಳ್ಳುಪೊದೆಗಳಿಗೂ ಜಾಗ ಇತ್ತು. ದಂಡವನ್ನು ದನದ ಲೆಕ್ಕದಲ್ಲಿ ಕಟ್ಟಬೇಕು. ಕೊಂಬೆ ಕಡಿದರೆ ಒಂದು ದಂಡ, ಬುಡಕ್ಕೇ ಕೊಡಲಿ ಹಾಕಿದರೆ ಇನ್ನೊಂದು. ಇಲ್ಲಿ ಕರೆಂಟ್ ತಂತಿಯ ನೆಪದಲ್ಲಿ ಅರ್ಧ ಮರ ಬೋಳಿಸಿ ಹೋದರೆ ಕೇಳುವವರಿಲ್ಲ. ಒಂದೇ ಕಡೆ ಭಾರ ಬಿದ್ದ ಮರ ಮುಂದಿನ ಮುಂಗಾರಿಗೆ ಉರುಳಿದಾಗ ಅಪವಾದ ಮರದ ಮೇಲೇ.

ಪ್ರಶ್ನೆ: ಐರ್ಲೆಂಡನ್ನು ಹಸಿರು ದ್ವೀಪ ಎನ್ನುತ್ತಾರೆ. ಅಲ್ಲಿ ದಟ್ಟ ಕಾಡಿರಬೇಕಲ್ಲವೇ? (ವಿದ್ಯಾರ್ಥಿನಿ, ಹೆಸರಘಟ್ಟ)

ಉತ್ತರ: ಇಲ್ಲಮ್ಮ. ಆ ಹಸಿರಿನ ಬಹುಪಾಲು ಹುಲ್ಲುಗಾವಲು. ಸಾವಿರಾರು ವರ್ಷ ಬೇಸಾಯಕ್ಕೆಂದು ಕಾಡು ಸವರಿದ್ದರು. ಇಂಗ್ಲಿಷರ ಆಳ್ವಿಕೆಯಲ್ಲಿ ಹಡಗು, ಪೀಪಾಯಿ, ಕಬ್ಬಿಣದ ಕುಲುಮೆಗಳಿಗೆ ಉಳಿದದ್ದೂ ಹೋಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾಡು ಉಳಿದದ್ದು ನೆಲದ ನೂರರಲ್ಲಿ ಒಂದು ಪಾಲಿನಷ್ಟು. ಈಗ ಹನ್ನೊಂದು ಪಾಲು ದಾಟಿದೆ, ಆದರೂ ಯುರೋಪಿನಲ್ಲಿ ತೀರಾ ಕಡಿಮೆಯವರ ಸಾಲಿನಲ್ಲೇ ಇದೆ. ಅದರಲ್ಲೂ ಅರ್ಧಕ್ಕೆ ಹತ್ತಿರ ಸಿಟ್ಕಾ ಸ್ಪ್ರೂಸ್ ಎಂಬ ಒಂದೇ ಮರ, ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಿಂದ ತಂದದ್ದು. ಕೋಲಾರದ ಕಡೆ ನೀಲಗಿರಿ ತೋಪು ನೋಡಿದ್ದರೆ ಅದರ ಚಿತ್ರ ನಿನಗೆ ಬರುತ್ತದೆ.

ನನ್ನನ್ನು ಕಾಡುವುದು ಇದೇ. ಒಂಟಿ ಹಾಥಾರ್ನ್‌ಗೆ ಹೆದರಿ ಕೈಮುಗಿದ ನಾಡಿನಲ್ಲಿ ಓಕ್ ಕಾಡು ಉಳಿಯಲಿಲ್ಲ. ನಮ್ಮಲ್ಲೂ ನಾಗರಕಲ್ಲು ಇಟ್ಟ ಅಶ್ವತ್ಥಕಟ್ಟೆಯನ್ನು ಬಿಟ್ಟು ರಸ್ತೆ ಬಳಸಿ ಹೋಗುತ್ತದೆ. ಪಕ್ಕದಲ್ಲೇ ನೆರಳು ಕೊಟ್ಟ ಮಳೆಮರಕ್ಕೆ ಅರಿಶಿನ ಕುಂಕುಮ ಇಲ್ಲ, ಅದು ಹೋಗುತ್ತದೆ. ಭಕ್ತಿ ಇರಲಿ. ಕೊಡಗಿನ ದೇವರಕಾಡುಗಳು ಅದರಿಂದಲೇ ಉಳಿದಿವೆ. ಆದರೆ ದೇವರಿಲ್ಲದ ಮರದ ಪರವಾಗಿಯೂ ಯಾರಾದರೂ ಅರ್ಜಿ ಬರೆಯಬೇಕು.

ಪ್ರಶ್ನೆ: ಕಾರಿನ ಮೇಲೆ ಹೂ ಬೀಳುತ್ತದೆ ಎಂದು ಎದುರು ಮನೆಯವರು ರಸ್ತೆ ಬದಿಯ ಹೊಂಗೆ ಕಡಿಸಲು ಓಡಾಡುತ್ತಿದ್ದಾರೆ. ಏನು ಮಾಡಲಿ? (ಓದುಗರು, ಬನಶಂಕರಿ)

ಉತ್ತರ: ಈ ವಾರವೇ ಪಾಲಿಕೆಯ ಅರಣ್ಯ ವಿಭಾಗಕ್ಕೆ ಹೋಗಿ, ಅರ್ಜಿ ಬಂದಿದೆಯೇ ಎಂದು ಕೇಳಿ. ಬಂದಿರಲಿ ಬಿಡಲಿ, ನಿಮ್ಮ ಆಕ್ಷೇಪಣೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮರದ ಸುತ್ತಳತೆ ಬರೆಯಿರಿ, ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಮರ ಗಟ್ಟಿಯಾಗಿದೆ, ವಾಲಿಲ್ಲ ಎಂಬುದು ಅದರಲ್ಲಿ ಕಾಣಬೇಕು. 50ಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಲೇಬೇಕು. ಒಂದು ಮರಕ್ಕೆ ಆ ಕಟ್ಟಳೆ ಇಲ್ಲ, ಆದ್ದರಿಂದ ನೀವೇ ಮುಂದಾಗಿ ಹೇಳಬೇಕು. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ಗಳಿಗೆ ಅನುಮತಿ ಬೇಡ, ಹೊಂಗೆಗೆ ಬೇಕು. ಬುಡಕ್ಕೆ ಕಾಂಕ್ರೀಟ್ ಹಾಕಿದ್ದರೆ ಅದನ್ನು ಒಡೆಸಿ ಎಂದು ಅದೇ ಅರ್ಜಿಯಲ್ಲಿ ಸೇರಿಸಿ. ಎದುರು ಮನೆಯವರ ಜೊತೆ ಜಗಳ ಬೇಡ. ಹೊಂಗೆ ಹೂ ಉದುರುವುದು ವರ್ಷದಲ್ಲಿ ಕೆಲವೇ ವಾರ, ಅಷ್ಟು ದಿನ ಕಾರಿಗೆ ಹೊದಿಕೆ ಹಾಕಿ ಎಂದು ಹೇಳಿ ನೋಡಿ.